ಪದಚರ್ಚೆ: ಕಡಲು ನೆಲದೊಳಕ್ಕೆ ಸರಿಯುವುದಕ್ಕೆ ಏನೆನ್ನಬೇಕು?

ಪ್ರಶ್ನೆ:
ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯ ಬಂಡೆಪದರಗಳ ಕುರಿತ ಫಲಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆಯೇ ಅಚ್ಚಿಗೆ ಕೊಡಬೇಕಾಗಿದೆ. ಸುಮಾರು 50 ಕೋಟಿ ವರ್ಷಗಳ ಹಿಂದಿನ ಮೂರು ಪದರಗಳು ಅಲ್ಲಿ ಒಂದರ ಮೇಲೊಂದಿವೆ: ತಳದಲ್ಲಿ ಟೆಪೀಟ್ಸ್ ಮರಳುಗಲ್ಲು, ನಡುವೆ ಬ್ರೈಟ್ ಏಂಜೆಲ್ ಜೇಡುಶಿಲೆ, ಮೇಲೆ ಮುಆವ್ ಸುಣ್ಣಕಲ್ಲು. ದಡದ ಮರಳಿನ ಮೇಲೆ ತುಸು ಆಳದ ಕೆಸರೂ, ಅದರ ಮೇಲೆ ದಡದಿಂದ ಇನ್ನೂ ದೂರದ ಕಡಲಿನ ಸುಣ್ಣವೂ ಕೂತಿರುವುದರಿಂದ, ಕಡಲು ನೆಲದೊಳಕ್ಕೆ ಸರಿಯುತ್ತ ಬಂದಿತ್ತೆಂದು ತಿಳಿಯುತ್ತದೆ. ಇದಕ್ಕೆ ಮೂಲದಲ್ಲಿ ‘ಟ್ರಾನ್ಸ್‌ಗ್ರೆಶನ್’ ಎಂದಿದೆ. ‘ಕಡಲೇರಿಕೆ’ ಎಂದು ಬರೆದಿದ್ದೇನೆ. ಆಗಬಹುದೇ?

ಮೊದಲ ಉತ್ತರ:
ಆಗದು. ‘ಏರಿಕೆ’ ನೀರಿನ ಮಟ್ಟದ ಮಾತು. ನಿಮಗೆ ಬೇಕಾಗಿರುವುದು ದಡದ ಚಲನೆಯನ್ನು ಹೇಳುವ ಪದ. ನೆಲವೇ ತಗ್ಗಿದರೆ ನೀರು ಏರದೆಯೂ ದಡ ಒಳಕ್ಕೆ ಸರಿಯುತ್ತದೆ. ನೀರು ಏರುತ್ತಿರುವಾಗಲೂ ನದಿಯೊಂದು ಅದನ್ನು ಮೀರಿಸುವಷ್ಟು ಮೆಕ್ಕಲನ್ನು ತಂದು ಸುರಿದರೆ ದಡ ಕಡಲಿನತ್ತಲೇ ಬೆಳೆಯುತ್ತದೆ. ಪದರಗಳು ನೇರವಾಗಿ ಹೇಳುವುದು ದಡದ ಕಥೆಯನ್ನು; ಮಟ್ಟವನ್ನು ನಾವು ಅದರಿಂದ ಊಹಿಸಿಕೊಳ್ಳುತ್ತೇವೆ.

ಯಾರಾದರೂ ‘ಅತಿಕ್ರಮಣ’ವನ್ನು ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ, ಕಡಲು ಯಾರ ನಿವೇಶನವನ್ನೂ ಒತ್ತುವರಿ ಮಾಡಿಲ್ಲ. ಹಿಂದಕ್ಕೆ ಸರಿಯುವುದು ‘ಹಿಂಜರಿತ’ವಾಗಿರುವಾಗ, ಮುನ್ ಮತ್ತು ಸೆರಗು ಕೂಡಿ ‘ಮುಂಜೆರಗು’ ಆಗಿರುವಾಗ, ಮುಂದಕ್ಕೆ ಸರಿಯುವುದು ‘ಮುಂಜರಿತ’ವಾಗಲು ಅಡ್ಡಿಯೇನು? ನುಡಿಯೊಳಗೇ ದಾರಿಯಿರುವಾಗ ಸಂಸ್ಕೃತದ ಬಾಗಿಲು ತಟ್ಟಬೇಕಾಗಿಲ್ಲ. ಹಾಗೆಯೇ, ಮರಳು, ಕೆಸರು ಪದರಪದರವಾಗಿ ಕೂತು ಗಟ್ಟಿಯಾದ ಬಂಡೆಗೆ ಫಲಕದಲ್ಲಿ ‘ಜಲಜಶಿಲೆ’ ಎಂದಿದ್ದರೆ ಅದನ್ನೂ ಅಳಿಸಿಬಿಡಿ. ಅದೇ ಕಣಿವೆಯ ಕೊಕೊನಿನೊ ಮರಳುಗಲ್ಲು ಗಾಳಿ ಕಟ್ಟಿದ ಮರಳುದಿಬ್ಬಗಳಿಂದಾದದ್ದು, ಒಣ ಹವೆಯ ಗುರುತು. ಅದನ್ನು ನೀರಿನಲ್ಲಿ ಹುಟ್ಟಿದ್ದೆನ್ನುವುದು ತಪ್ಪು. ಜಲಜವೆಂದರೆ ತಾವರೆ, ‘ಪದರಶಿಲೆ’ ಸಾಕು.

ಎರಡನೆಯ ಉತ್ತರ:
‘ಜಲಜ’ದ ಮಾತು ಒಪ್ಪಿದೆ. ಉಳಿದದ್ದು ಹಟ. ಮೂಲದ ಲ್ಯಾಟಿನ್ ಪದಕ್ಕೆ ದಾಟಿ ಹೆಜ್ಜೆಯಿಡುವುದೆಂಬ ಅರ್ಥವಿದೆ. ‘ಅತಿಕ್ರಮಣ’ವೂ ಅಕ್ಷರಶಃ ಅದೇ. ಒತ್ತುವರಿಯ ವಾಸನೆ ಅದಕ್ಕೆ ಅಂಟಿದ್ದು ಕಚೇರಿ ಕಡತಗಳಿಂದ, ಪದದ ತಪ್ಪಿನಿಂದಲ್ಲ. ಇನ್ನು ‘ಹಿಂಜರಿತ’ವನ್ನು ಅರ್ಥಶಾಸ್ತ್ರದವರು ಎಂದೋ ತಮ್ಮದಾಗಿಸಿಕೊಂಡಿದ್ದಾರೆ, ‘ಮುಂಜರಿತ’ದಲ್ಲಿ ಸಾಮಾನ್ಯ ಓದುಗನಿಗೆ ಕಾಣುವುದು ಸರಿಯುವುದಲ್ಲ, ಜರಿಯುವುದು. ಸಂಧಿ ಸರಿಯಾದ ಮಾತ್ರಕ್ಕೆ ಪದ ಹುಟ್ಟುವುದಿಲ್ಲ. ಎರವಲೆಂದರೆ ಬೆಚ್ಚಿಬೀಳುವವರು ‘ಅರ್ಜಿ’ಯನ್ನೂ ‘ಕಾಗದ’ವನ್ನೂ ಬಿಟ್ಟು ಒಂದು ದಿನ ಕಳೆದು ತೋರಿಸಲಿ.

ಪ್ರಶ್ನೆ ಕೇಳಿದವರಿಂದ:
ಇಬ್ಬರಿಗೂ ವಂದನೆಗಳು. ‘ಕಡಲ ಒಳಸರಿತ’ ಎಂದು ಬರೆದು, ‘ದಡವು ನೆಲದತ್ತ ಸರಿಯುವುದು’ ಎಂಬ ವಿವರಣೆಯನ್ನು ಕೆಳಗೆ ಕೊಟ್ಟಿದ್ದೇನೆ, ಇದರ ವಿರುದ್ಧಪದ ‘ಹೊರಸರಿತ’. ಆದರೆ ‘ಕಡಲೇರಿಕೆ’ಯನ್ನು ಪೂರ್ತಿ ಕೈಬಿಟ್ಟಿಲ್ಲ. ಸುಮಾರು 20,000 ವರ್ಷಗಳ ಹಿಂದೆ ಅಪಾರ ನೀರು ನೆಲದ ಮೇಲೆ ಹಿಮವಾಗಿ ನಿಂತಿದ್ದರಿಂದ ಕಡಲಿನ ಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು, ಹಿಮ ಕರಗಿದಂತೆ ಮೇಲೇರಿತು ಎಂಬ ವಾಕ್ಯ ಫಲಕದ ಕೊನೆಯಲ್ಲಿದೆ. ಅಲ್ಲಿ ಮಾತಿರುವುದು ಮಟ್ಟದ ಬಗೆಗೇ ಆದ್ದರಿಂದ ಆ ಪದವನ್ನು ಅಲ್ಲಿಗೆ ಸಾಗಿಸಿದ್ದೇನೆ.