ಬರ್ಗರ್ ಜಾಹೀರಾತು ನೋಡಿ ಮಗನ ಹಟ: ನಿಮ್ಮ ಮನೆಯಲ್ಲಿ ಏನು ಮಾಡಿದಿರಿ?

ಕಲಬುರಗಿ, ಸೇಡಂ ರಸ್ತೆಯ ತಾಯಿ:
ನಮ್ಮ ಹುಡುಗನಿಗೆ ಆರು ವರ್ಷ. ಫೋನಿನಲ್ಲಿ ಕಾರ್ಟೂನ್ ನಡುವೆ, ಕ್ರಿಕೆಟ್‌ನಲ್ಲಿ ಓವರ್ ಮುಗಿದಾಗ ಬರುವ ಬರ್ಗರ್ ಜಾಹೀರಾತು ಪೂರ್ತಿ ಬಾಯಿಪಾಠ ಆಗಿದೆ. ಊಟದ ಜೊತೆ ಆಟಿಕೆ ಸಿಗುತ್ತದೆ ಅಂತ ವಾರಕ್ಕೆ ಎರಡು ಸಲ ಅಳುತ್ತಾನೆ. ರೊಟ್ಟಿ ಮುಟ್ಟುವುದಿಲ್ಲ. ನಾನು ಬೇಡ ಅಂದರೆ ಅವನ ಮುತ್ಯಾ ಸುಮ್ನೆ ತರಿಸಿಕೊಡುತ್ತಾರೆ. ಅನುಭವ ಇದ್ದವರು ಹೇಳಿ.

ಶಹಾಬಾದಿನ ಅಪ್ಪ:
ನಾನು ಟಿವಿನೇ ಬಂದ್ ಮಾಡಿದವನು. ಡಿಶ್‌ಗೆ ಇಡೀ ವರ್ಷದ ರೀಚಾರ್ಜ್ 3,200 ರೂಪಾಯಿ ಹಾಕಿ ಬರೀ 20 ದಿನ ಆಗಿತ್ತು. ದುಡ್ಡು ವಾಪಸ್ ಕೇಳಿದೆ, ಆಗಲ್ಲ ಅಂದರು. ಹೋಗಲಿ ಅಂತ ವೈರ್ ಕಿತ್ತು ಅಟ್ಟದ ಮೇಲೆ ಇಟ್ಟೆ. ಮೊದಲ ವಾರ ಮಗಳು ಅತ್ತಳು, ಎರಡನೇ ವಾರ ಪಕ್ಕದ ಮನೆಗೆ ಹೋಗಿ ನೋಡಿದಳು. ಮೂರನೇ ವಾರ ನಮ್ಮ ಮಾವ ಕ್ರಿಕೆಟ್ ಇಲ್ಲ ಅಂತ ಸಿಟ್ಟಾಗಿ ಊರಿಗೆ ಹೋದರು, ಈಗಲೂ ಸರಿಯಾಗಿ ಮಾತಾಡಲ್ಲ. ಆಮೇಲೆ ಗೊತ್ತಾಯಿತು, ಮಗಳು ನನ್ನದೇ ಫೋನಿನಲ್ಲಿ ಬೇರೆ ಮಕ್ಕಳು ಆಟಿಕೆ ಡಬ್ಬಿ ಬಿಚ್ಚುವ ವಿಡಿಯೋ ನೋಡುತ್ತಿದ್ದಳು. ಅದು ಜಾಹೀರಾತು ಅಂತ ದೊಡ್ಡವರಿಗೇ ತಿಳಿಯಲ್ಲ, ಐದು ವರ್ಷದ ಕೂಸಿಗೆ ಹೇಗೆ ತಿಳಿಯಬೇಕು? ಈಗ ಫೋನಿಗೂ ಬೀಗ. ಏಳು ತಿಂಗಳಾಯಿತು, ಒಂದು ಬರ್ಗರೂ ತಂದಿಲ್ಲ. ಅರ್ಧ ಮಾಡಿದರೆ ಉಪಯೋಗ ಇಲ್ಲ, ಪೂರ್ತಿ ಬಂದ್ ಮಾಡಿ.

ಬೀದರಿನ ತಾಯಿ:
ಬಂದ್ ಮಾಡಿದರೆ ಹಟ ಜಾಸ್ತಿ ಆಗುತ್ತದೆ ಅಂತ ನಾನು ಮನೆಯಲ್ಲೇ ಪಿಜ್ಜಾ ಮಾಡಲು ಹೊರಟೆ. ಓವನ್ 6,400. ತಟ್ಟೆ, ಚೀಸ್, ಯೀಸ್ಟ್ ಅಂತ ಮೊದಲ ತಿಂಗಳು ಇನ್ನೂ 2,100. ಹಿಟ್ಟು ಮೂರು ಸಲ ಉಬ್ಬಲಿಲ್ಲ, ನಾಲ್ಕನೇ ಸಲ ತಳ ಸೀದಿತು. ಐದನೇ ಸಲ ನಿಜವಾಗಲೂ ಚೆನ್ನಾಗಿ ಬಂತು. ಮಗ ಎರಡು ತುತ್ತು ತಿಂದು ಕೇಳಿದ: "ಅವ್ವಾ, ಇದರ ಡಬ್ಬಿ ಎಲ್ಲಿ?"

ಅವತ್ತು ನನಗೆ ಹೊಳೆಯಿತು. ಹಿಂದೆ ತರಿಸಿದ್ದ ಒಂದು ಖಾಲಿ ಡಬ್ಬಿ ಒರೆಸಿ ಇಟ್ಟೆ. ಮರುದಿನ ಬಿಸಿ ಜೋಳದ ರೊಟ್ಟಿಯನ್ನು ಆರು ತುಂಡು ಮಾಡಿ, ಮೇಲೆ ಶೇಂಗಾ ಹಿಂಡಿ, ಬೆಣ್ಣೆ ಹಚ್ಚಿ ಅದೇ ಡಬ್ಬಿಯಲ್ಲಿ ಕೊಟ್ಟೆ. ಆರೂ ತುಂಡು ಖಾಲಿ! ಬೆರಳು ನೆಕ್ಕಿದ. ಎರಡು ತಿಂಗಳಿಂದ ಹೀಗೇ ನಡೆದಿದೆ. ಡಬ್ಬಿಯ ಮೂಲೆ ಹರಿದಿದೆ, ಟೇಪ್ ಹಚ್ಚಿದ್ದೇನೆ. ಹೊಟ್ಟೆಗೆ ರೊಟ್ಟಿ ಹೋಗುತ್ತಿದೆ ಅಲ್ವಾ, ಅಷ್ಟು ಸಾಕು.

ಯಾದಗಿರಿಯ ಟೀಚರ್:
ಅಕ್ಕಾ, ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ ಆ ಕಂಪನಿಯ ಕೆಲಸವನ್ನು ನೀವೇ ಮನೆಯಲ್ಲಿ ಕೂತು ಮಾಡುತ್ತಿದ್ದೀರಿ. 2007ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನವರು 3ರಿಂದ 5 ವರ್ಷದ 63 ಮಕ್ಕಳಿಗೆ ಒಂದೇ ತಿಂಡಿಯನ್ನು ಎರಡು ಪೊಟ್ಟಣದಲ್ಲಿ ಕೊಟ್ಟು ನೋಡಿದರು. ಒಂದು ಮೆಕ್‌ಡೊನಾಲ್ಡ್ಸ್ ಗುರುತಿನದು, ಇನ್ನೊಂದು ಸಾದಾ. ಅಂಗಡಿಯಿಂದ ತಂದ ಕ್ಯಾರೆಟ್ ಕೂಡ ಗುರುತಿನ ಪೊಟ್ಟಣದಲ್ಲಿದ್ದರೆ ರುಚಿ ಅಂದವರೇ ಜಾಸ್ತಿ. ಮನೆಯಲ್ಲಿ ಟಿವಿ ಜಾಸ್ತಿ ಇದ್ದ ಮಕ್ಕಳಲ್ಲಿ ಇದು ಇನ್ನೂ ಹೆಚ್ಚು. ನಿಮ್ಮ ಮಗನಿಗೆ ರುಚಿ ಹತ್ತಿದ್ದು ಡಬ್ಬಿಯದು, ರೊಟ್ಟಿಯದಲ್ಲ.

ನಾನು ಮೊದಲಿದ್ದ ಒಂದು ಖಾಸಗಿ ಶಾಲೆಯಲ್ಲಿ ಚಿತ್ರಕಲೆ ಸ್ಪರ್ಧೆಗೆ ಬಹುಮಾನ ಅಂತ ಪಿಜ್ಜಾ ಕೂಪನ್ ಹಂಚಿದರು. 2020ರ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದ ಪ್ರಕಾರ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿಂಡಿಯನ್ನು ಶಾಲೆ ಒಳಗೆ, ಗೇಟಿನಿಂದ 50 ಮೀಟರ್ ಒಳಗೆ ಮಾರುವಂತಿಲ್ಲ, ಜಾಹೀರಾತೂ ಮಾಡುವಂತಿಲ್ಲ. ಪ್ರಿಂಟ್ ತೆಗೆದುಕೊಂಡು ಹೋಗಿ ತೋರಿಸಿದೆ. "ನಿಮಗೆ ಯಾಕ್ರೀ ಬೇಕು" ಅಂದರು. ಮೂರು ತಿಂಗಳು ನನ್ನ ಜೊತೆ ಸ್ಟಾಫ್ ರೂಮಿನಲ್ಲಿ ಯಾರೂ ಚಹಾ ಕುಡಿಯಲಿಲ್ಲ. ಕೊನೆಗೆ ಬಿಟ್ಟು ಬಂದೆ. ಸಂಬಳ 4,000 ಕಡಿಮೆ ಆಯಿತು, ಆದರೂ ಮಾಡಿದ್ದು ಸರಿ.

ಕಲಬುರಗಿ ಗಂಜಿನ ವ್ಯಾಪಾರಿ:
ಟೀಚರ್, ನಿಯಮ ಹೇಳುವುದು ಸುಲಭ. ನಾವೆಲ್ಲ ಮಿರ್ಚಿ ಭಜಿ, ಸುಸಲಾ ತಿಂದೇ ಬೆಳೆದವರು. ಭಜಿಯಲ್ಲಿ ಎಣ್ಣೆ ಇಲ್ಲವಾ? ಸಂಜೆ ಗಾಡಿ ಮುಂದೆ ನಿಂತು ಮಕ್ಕಳಿಗೆ ಗೋಬಿ ಕೊಡಿಸುವಾಗ ಯಾರಿಗೂ ನಿಯಮ ನೆನಪಾಗಲ್ಲ. ಅದರ ಕೆಂಪು ಬಣ್ಣವನ್ನು 2024ರಲ್ಲಿ ಸರ್ಕಾರವೇ ನಿಷೇಧ ಮಾಡಬೇಕಾಯಿತು. ನಾನು ಇಬ್ಬರು ಮಕ್ಕಳಿಗೆ ತಿಂಗಳಿಗೆ ಒಂದೇ ಸಲ, 600 ರೂಪಾಯಿ ಒಳಗೆ ಅಂತ ಮಾತು ಕೊಟ್ಟಿದ್ದೇನೆ. ಮೊದಲ ತಿಂಗಳು 940 ಆಯಿತು, ಆಟಿಕೆಗೆ ಬೇರೆ ಜಗಳ. ದೊಡ್ಡವನಿಗೆ ಬಂದದ್ದೇ ಸಣ್ಣವನಿಗೂ ಬಂತು, ಎರಡನೇ ಸಲ ಹೋಗಬೇಕಾಯಿತು. ಈಗ ಆರು ತಿಂಗಳಿಂದ 600 ದಾಟಿಲ್ಲ, ಚೀಟಿ ಎಲ್ಲ ಇಟ್ಟಿದ್ದೇನೆ. ಮಕ್ಕಳ ಕೈಗೆ ಫೋನ್ ಕೊಟ್ಟವರು ಅಪ್ಪ ಅಮ್ಮ. ಕಂಪನಿಗೆ ಬೈದು ಏನು ಪ್ರಯೋಜನ?

ಯಾದಗಿರಿಯ ಟೀಚರ್:
ಭಜಿ ಗಾಡಿಯವ ಕಾರ್ಟೂನ್ ನಡುವೆ ಬಂದು ನಿಮ್ಮ ಮಗನನ್ನು ಹೆಸರು ಹಿಡಿದು ಕರೆಯುತ್ತಾನಾ? ವ್ಯತ್ಯಾಸ ಅಲ್ಲಿದೆ. ಭಜಿ ತಿನ್ನುವುದು ಹಸಿವಾದಾಗ. ಇಲ್ಲಿ ಹಸಿವೇ ಇಲ್ಲದ ಮಗುವಿಗೆ ಆಟಿಕೆ ತೋರಿಸುತ್ತಾರೆ. ಚಿಲಿ ದೇಶದಲ್ಲಿ 2016ರಿಂದ ಇಂಥ ತಿಂಡಿಯ ಜೊತೆ ಆಟಿಕೆ ಕೊಡುವ ಹಾಗಿಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ 1980ರಿಂದ 13 ವರ್ಷದೊಳಗಿನ ಮಕ್ಕಳಿಗೆ ಜಾಹೀರಾತೇ ಇಲ್ಲ. ನಮ್ಮಲ್ಲೂ 2022ರ ಮಾರ್ಗಸೂಚಿಯಲ್ಲಿ ಮಕ್ಕಳ ಚಾನೆಲ್‌ನಲ್ಲಿ ಜಂಕ್ ಫುಡ್ ತೋರಿಸಬಾರದು ಅಂತಿದೆ. ಆದರೆ ಮಕ್ಕಳು ಕ್ರಿಕೆಟ್ ನೋಡುತ್ತಾರೆ, ಫೋನ್ ನೋಡುತ್ತಾರೆ. ಅಪ್ಪ ಅಮ್ಮ ಒಬ್ಬರೇ ಎಷ್ಟು ಅಂತ ತಡೆಯಬೇಕು?

ಬೀದರಿನ ತಾಯಿ:
ಟೀಚರ್, ನಿಮ್ಮ ಮಾತು ಓದಿ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಹುಡುಗ ನಾಲ್ಕು ತಿಂಗಳಲ್ಲಿ ಒಂದೂವರೆ ಕೆಜಿ ಇಳಿದಿದ್ದ. ನನಗೆ ಆವಾಗ ಅಮೆರಿಕ ಬೇಕಿರಲಿಲ್ಲ, ಅವನ ಬಾಯಿಗೆ ತುತ್ತು ಹೋಗಬೇಕಿತ್ತು. ಡಬ್ಬಿಯ ಗುರುತು ಕಾಣದ ಹಾಗೆ ಬಿಳಿ ಹಾಳೆ ಅಂಟಿಸಿ ನೋಡುತ್ತೇನೆ. ಆದರೆ ಆ ಕಂಪನಿಯ ಕೆಲಸ ಮಾಡುತ್ತಿದ್ದೀರಿ ಅನ್ನಬೇಡಿ.

ಶಹಾಬಾದಿನ ಅಪ್ಪ:
ಟಿವಿ ಜಾಸ್ತಿ ಇದ್ದರೆ ಹೆಚ್ಚು ಅಂತ ಟೀಚರೇ ಬರೆದಿದ್ದಾರೆ, ನೋಡಿ. ನಾನು ಮೊದಲೇ ಹೇಳಿದ್ದೆ. ಅಕ್ಕಾ, ಆ ಓವನ್ ಎಷ್ಟು ಲೀಟರಿನದು? ನಮ್ಮ ಮನೆಯವರು ಕೇಕಿಗೆ ಬೇಕು ಅನ್ನುತ್ತಿದ್ದಾರೆ.

ಕಲಬುರಗಿ ಗಂಜಿನ ವ್ಯಾಪಾರಿ:
ಡಿಶ್ ಕಿತ್ತವರು ಈಗ ಕೇಕಿಗೆ ಬಂದಿರಾ? ಕೇಕಿನಲ್ಲಿ ಸಕ್ಕರೆ ಇರಲ್ಲವಾ?

ಶಹಾಬಾದಿನ ಅಪ್ಪ:
ಮಗಳ ಹುಟ್ಟುಹಬ್ಬಕ್ಕೆ, ವರ್ಷಕ್ಕೆ ಒಂದು ಸಲ. ನಿಮ್ಮ 600ರ ಚೀಟಿ ನೀವು ಎಣಿಸಿಕೊಳ್ಳಿ.

ಕಲಬುರಗಿ, ಸೇಡಂ ರಸ್ತೆಯ ತಾಯಿ:
ಜಗಳ ಬೇಡ ದಯವಿಟ್ಟು. ಇವತ್ತು ಭಾನುವಾರ, ಹುಡುಗ ಆಗಲೇ ಮುತ್ಯಾನ ಫೋನ್ ಹಿಡಿದು ಕೂತಿದ್ದಾನೆ. ಮಧ್ಯಾಹ್ನ ಅವರ ಜೊತೆ ಕೂತು ಮಾತಾಡುತ್ತೇನೆ. ಟೀಚರ್, ನಮ್ಮ ಶಾಲೆ ಗೇಟಿನ ಎದುರೇ ಅಂಥ ತಿಂಡಿಯ ಒಂದು ಜಾಹೀರಾತು ಬೋರ್ಡ್ ಇದೆ. ಆ 50 ಮೀಟರ್ ನಿಯಮದ ಪ್ರತಿ ಹಾಕುತ್ತೀರಾ?

ಯಾದಗಿರಿಯ ಟೀಚರ್:
ಸಂಜೆ ಹಾಕುತ್ತೇನೆ. ನಾಳೆ ಗೇಟಿನಿಂದ ಬೋರ್ಡಿನವರೆಗೆ ಟೇಪ್ ಹಿಡಿದು ಅಳೆದು ಬನ್ನಿ. ಮತ್ತೆ ಒಬ್ಬರೇ ಹೋಗಬೇಡಿ, ನಾಲ್ಕು ಜನ ತಾಯಂದಿರನ್ನು ಕರೆದುಕೊಂಡು ಹೋಗಿ. ನಾನು ಒಬ್ಬಳೇ ಹೋಗಿದ್ದೆ.