ಮಗಳ ಹುಟ್ಟುಹಬ್ಬಕ್ಕೆ ಮಕ್ಕಳ ವಾರ್ಡಿಗೆ ಏನು ಕೊಡೋಣ? ಹಣ್ಣು, ಬ್ರೆಡ್ ಬಿಟ್ಟು ಹೇಳಿ

ಕಟಿಂಗ್ ಮಾಸ್ಟರ್, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಕೌಲ್ ಬಜಾರ್‌ನಲ್ಲಿ ನಮ್ಮದೊಂದು ಜೀನ್ಸ್ ಹೊಲಿಯುವ ಸಣ್ಣ ಯೂನಿಟ್ ಇದೆ. ಎಂಟು ಮಷಿನ್. ಮಾಲೀಕನೂ ನಾನೇ, ಕಟಿಂಗ್ ಮಾಸ್ಟರೂ ನಾನೇ. ಮುಂದಿನ ತಿಂಗಳು ಮಗಳಿಗೆ ಆರು ತುಂಬುತ್ತದೆ. ಈ ಸಲ ಹಾಲ್ ಹಿಡಿಯೋದು, ದೊಡ್ಡ ಕೇಕ್ ತರೋದು ಬೇಡ, ಆ ದುಡ್ಡು ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಹೋಗಲಿ ಅಂತ ಮನೆಯಲ್ಲಿ ಮಾತಾಗಿದೆ. ಹದಿನೈದು ಸಾವಿರದವರೆಗೆ ಖರ್ಚು ಮಾಡಬಹುದು. ಏನು ಕೊಡಬೇಕು ಅನ್ನೋದೇ ಗೊತ್ತಾಗುತ್ತಿಲ್ಲ.

ಹಣ್ಣು, ಬ್ರೆಡ್ ಅಂತ ಮಾತ್ರ ಹೇಳಬೇಡಿ. ಬೇಸಿಗೆಯಲ್ಲಿ ನನ್ನ ನಾದಿನಿಯ ಮಗನನ್ನು ಒಂದು ಆಸ್ಪತ್ರೆಗೆ ಸೇರಿಸಿದ್ದರು. ಯಾವುದು ಅಂತ ಬೇಡ ಬಿಡಿ. ಬುತ್ತಿ ಒಯ್ಯುವ ಕೆಲಸ ನನ್ನದು. ಒಂದು ಮಧ್ಯಾಹ್ನ ಯಾರೋ ಲೀಡರ್ ಬರ್ತ್‌ಡೇ ಅಂತ ಹತ್ತು ಹದಿನೈದು ಜನ ಶಾಲು, ಬ್ಯಾನರ್ ಸಮೇತ ವಾರ್ಡಿನೊಳಕ್ಕೇ ಬಂದರು. ಮಂಚಕ್ಕೊಂದು ಸೇಬು, ಒಂದು ಬ್ರೆಡ್ ಪ್ಯಾಕೆಟ್, ಒಂದು ಫೋಟೊ. ನಮ್ಮ ಪಕ್ಕದ ಮಂಚದಲ್ಲಿ ನಾಲ್ಕು ವರ್ಷದ ಹುಡುಗ. ಅವತ್ತು ಅವನಿಗೆ ಆಪರೇಷನ್. ಬಾಯಿಗೆ ನೀರೂ ಹಾಕಬೇಡಿ ಅಂತ ಡಾಕ್ಟರ್ ಹೇಳಿದ್ದರು. ಅವನ ಕೈಗೂ ಸೇಬು ಇಟ್ಟು, "ನಗಪ್ಪಾ, ನಗು" ಅಂತ ಫೋಟೊ ತೆಗೆದರು. ಅವರು ಆ ಕಡೆ ಹೋದರು, ತಾಯಿ ಸೇಬು ಕಿತ್ತುಕೊಂಡಳು. ಆ ಹುಡುಗನ ಅಳು ಗೇಟಿನವರೆಗೂ ಕೇಳಿಸುತ್ತಿತ್ತು. ಫೋಟೊದಲ್ಲಿ ಮಾತ್ರ ನಕ್ಕಿದ್ದಾನೆ.

ಗೊಂಬೆ ಕೊಡೋಣ ಅಂತಾಳೆ ಹೆಂಡತಿ. ತಮ್ಮನದು ಬೇರೆ ಐಡಿಯಾ. ಸೀಲಿಂಗ್ ಫ್ಯಾನ್ ಕೊಟ್ಟು ಮೂರೂ ರೆಕ್ಕೆ ಮೇಲೆ ಮಗಳ ಹೆಸರು ಬರೆಸಬೇಕಂತೆ. ತಿರುಗುವ ಫ್ಯಾನಿನ ಮೇಲೆ ಯಾರು ಓದುತ್ತಾರೋ!

ಹೊಲಿದು ಕೊಡುವಂಥದ್ದು ಏನಾದರೂ ಇದ್ದರೆ ನನಗೆ ಸುಲಭ. ಬಟ್ಟೆ, ದಾರ, ಕೈ ಎಲ್ಲ ಇಲ್ಲೇ ಇವೆ. ಒಳ್ಳೆ ಡೆನಿಮ್ ತುಂಡುಗಳು ಮೂಟೆಗಟ್ಟಲೆ ಉಳಿದಿವೆ. ವಾರ್ಡಿನಲ್ಲಿ ಇದ್ದು ಬಂದವರು, ಅಲ್ಲಿ ಕೆಲಸ ಮಾಡುವವರು ಹೇಳಿ.

ನೈಟ್ ಡ್ಯೂಟಿ ಸಿಸ್ಟರ್

ಮಾಸ್ಟರ್, ತರೋಕೆ ಮುಂಚೆ ಕೇಳಿದ್ರಲ್ಲ, ಸಂತೋಷ. ಹೆಚ್ಚಿನವರು ಆಟೋದಿಂದ ಸಾಮಾನು ಇಳಿಸಿದ ಮೇಲೆ ಹೇಳುತ್ತಾರೆ. ನಾನು ಸರ್ಕಾರಿ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಸ್ಟಾಫ್ ನರ್ಸ್.

ಹೊರಗಿನವರಿಗೆ ಎಲ್ಲ ಮಂಚವೂ ಒಂದೇ ಥರ ಕಾಣುತ್ತವೆ. ನಮಗೆ ಮಂಚಕ್ಕೊಂದು ಪಥ್ಯ. ಕಿಡ್ನಿ ತೊಂದರೆಯಿಂದ ಮುಖ, ಕಾಲು ಊದಿಕೊಂಡ ಮಗುವಿಗೆ ಉಪ್ಪು ಕಡಿಮೆ ಮಾಡಿರುತ್ತಾರೆ. ಬ್ರೆಡ್ಡಿನಲ್ಲೂ ಉಪ್ಪಿರುತ್ತದೆ ಅಂತ ಯಾರಿಗೂ ಹೊಳೆಯಲ್ಲ. ಶುಗರ್ ಬಂದು ಇನ್ಸುಲಿನ್ ಮೇಲಿರುವ ಪುಟ್ಟ ಮಕ್ಕಳೂ ಇರುತ್ತಾರೆ. ಅವರು ತಿನ್ನೋದಕ್ಕೂ ಚುಚ್ಚೋದಕ್ಕೂ ಲೆಕ್ಕ ಇರುತ್ತದೆ.

ಇನ್ನು ಅಪೌಷ್ಟಿಕ ಮಕ್ಕಳ ಕೇಂದ್ರ. ನಾವು ಎನ್‌ಆರ್‌ಸಿ ಅಂತೀವಿ. ಅಲ್ಲಿಗಂತೂ ಹೊರಗಿನ ತಿಂಡಿ ಬೇಡವೇ ಬೇಡ. ಆರು ತಿಂಗಳಿಂದ ಐದು ವರ್ಷದ ಮಗುವಿನ ರಟ್ಟೆ ಸುತ್ತಳತೆ 11.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ. ಎಷ್ಟೋ ದಿನದಿಂದ ಬತ್ತಿದ ಆ ಮೈಗೆ ಒಂದೇ ಸಲ ಹೊಟ್ಟೆ ತುಂಬ ತಿನ್ನಿಸಿದರೆ ಜೀವಕ್ಕೇ ಅಪಾಯ. ಅದಕ್ಕೇ ಮೊದಲು ಎಫ್-75 ಅನ್ನುವ ಹಾಲು. 100 ಮಿ.ಲೀ.ಗೆ 75 ಕ್ಯಾಲೊರಿ. ಮಗುವಿನ ತೂಕ ನೋಡಿ, ಅಳತೆ ಹಾಕಿ, ಶುರುವಿನಲ್ಲಿ ಎರಡು ಗಂಟೆಗೊಮ್ಮೆ ಕೊಡಬೇಕು. ರಾತ್ರಿ ಎರಡಕ್ಕೂ ಎಬ್ಬಿಸಬೇಕು, ನಾಲ್ಕಕ್ಕೂ ಎಬ್ಬಿಸಬೇಕು. ಚೇತರಿಸಿಕೊಂಡ ಮೇಲೆ ಇನ್ನೂ ಹೆಚ್ಚು ಕ್ಯಾಲೊರಿಯ ಎಫ್-100 ಹಾಲು. ಸುಮಾರು 14 ದಿನ ಉಳಿಯಬೇಕು. ತಾಯಿಯ ಕೂಲಿ ತಪ್ಪುತ್ತದೆ ಅಂತ ದಿನಕ್ಕಿಷ್ಟು ಭತ್ಯೆ ಇದೆ. ಆದರೂ ಮೆಣಸಿನಕಾಯಿ ಬಿಡಿಸೋ ಕಾಲ ಬಂತಂದ್ರೆ ಅರ್ಧಕ್ಕೇ ಎದ್ದು ಹೊರಡುತ್ತಾರೆ. ಮನೆಯಲ್ಲಿ ಇನ್ನೆರಡು ಮಕ್ಕಳು, ದಿನಾ ಅತ್ತೆಯ ಫೋನ್. ಡಾಕ್ಟರ್ ಬೈಯುತ್ತಾರೆ. ನನಗೆ ಬೈಯೋಕೆ ಬಾಯಿ ಬರಲ್ಲ.

ಗೊಂಬೆ: ರೋಮ ಇರುವ ಮೆತ್ತನೆ ಗೊಂಬೆ ಬೇಡ. ಒಂದು ಮಗುವಿನ ಕೆಮ್ಮು, ವಾಂತಿ ಎಲ್ಲ ಅದರಲ್ಲೇ ಉಳಿದು ಇನ್ನೊಂದು ಮಗುವಿನ ಕೈಗೆ ಹೋಗುತ್ತದೆ. ತೊಳೆದು ಒರೆಸೋಕೆ ಬರುವ ಪ್ಲಾಸ್ಟಿಕ್ ಆಟಿಕೆ ಆಗಬಹುದು. ಬಾಯಿಗೆ ಹೋಗುವಷ್ಟು ಸಣ್ಣ ತುಂಡು, ಗುಂಡಿ ಬ್ಯಾಟರಿ ಇರುವಂಥದ್ದು ಬೇಡ. ಬಲೂನೂ ಬೇಡ, ಒಡೆದ ಚೂರು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಬಣ್ಣದ ಪೆನ್ಸಿಲ್, ಚಿತ್ರಕ್ಕೆ ಬಣ್ಣ ತುಂಬುವ ಪುಸ್ತಕ ಒಳ್ಳೇದು. ಮಗು ಡಿಸ್ಚಾರ್ಜ್ ಆಗುವಾಗ ಮನೆಗೇ ಒಯ್ಯಲಿ. ಬಳ್ಳಾರಿ ಕಡೆ ಆದರೆ ಆದೋನಿ, ರಾಯದುರ್ಗ ಕಡೆಯ ತೆಲುಗು ಮಕ್ಕಳೂ ಬರುತ್ತಾರೆ. ಬಣ್ಣಕ್ಕೆ ಭಾಷೆ ಬೇಕಾಗಲ್ಲ.

ನವಜಾತ ಶಿಶುಗಳ ಘಟಕದೊಳಗೆ ನಿಮ್ಮನ್ನು ಬಿಡಲ್ಲ, ಕೇಳಲೂಬೇಡಿ. ಹೊಲಿಯೋ ಆಸೆ ಇದ್ದರೆ ಆ ಕೂಸುಗಳಿಗೆ ಟೋಪಿ, ಮುಂದೆ ಬಿಚ್ಚುವ ಅಂಗಿ ಹೊಲಿದುಕೊಡಿ. ತೂಕ ಕಡಿಮೆ ಇರುವ ಕೂಸನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವ ಹಾಗೆ ಕಟ್ಟಿ ಕೂರಿಸುತ್ತೀವಿ, ಕಾಂಗರೂ ಆರೈಕೆ ಅಂತ. ಆಗ ತಲೆಗೆ ಟೋಪಿ, ಕಾಲಿಗೆ ಸಾಕ್ಸ್ ಬೇಕೇ ಬೇಕು. ಆದರೆ ಜೀನ್ಸ್ ಬಟ್ಟೆ ಬೇಡ ಮಾರಾಯರೇ! ಒರಟು, ಬಣ್ಣವೂ ಬಿಡುತ್ತದೆ. ಬನಿಯನ್ ಥರದ ಹತ್ತಿ ಬಟ್ಟೆ ತಗೊಳ್ಳಿ.

ನಗದು ಯಾರ ಕೈಗೂ ಕೊಡಬೇಡಿ. ದುಡ್ಡೇ ಕೊಡುವುದಾದರೆ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಕಟ್ಟಿ ರಸೀದಿ ತಗೊಳ್ಳಿ. ವಸ್ತು ಆದರೆ ಮೊದಲು ವಾರ್ಡ್ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಮಾತಾಡಿ.

ಸಿರುಗುಪ್ಪ ರೈತ

ಹಣ್ಣು ಕೊಟ್ಟರೆ ತಪ್ಪು, ಗೊಂಬೆ ಕೊಟ್ಟರೆ ತಪ್ಪು. ಹಿಂಗಾದ್ರೆ ಜನ ಕೊಡೋದನ್ನೇ ಬಿಟ್ಟುಬಿಡ್ತಾರೆ ಅಷ್ಟೇ. ಮಗು ತಿನ್ನದಿದ್ದರೆ ಪಕ್ಕದಲ್ಲಿ ಕೂತ ಅಪ್ಪ ತಿನ್ನುತ್ತಾನೆ. ಅವನೂ ಬೆಳಿಗ್ಗೆಯಿಂದ ಚಹಾದ ಮೇಲೇ ಇರುತ್ತಾನಲ್ವಾ?

ಕಟಿಂಗ್ ಮಾಸ್ಟರ್, ಬಳ್ಳಾರಿ

ಅಣ್ಣಾ, ನಿಮ್ಮ ಮಾತಲ್ಲೂ ನ್ಯಾಯ ಇದೆ. ಅಪ್ಪನಿಗೆ ಕೊಡಬೇಕು ಅಂದರೆ ಗೇಟಿನ ಹೊರಗೆ, ಅಪ್ಪನ ಕೈಗೇ ಕೊಡೋಣ. ಮಗುವಿನ ಮಂಚದ ಮೇಲೆ ಇಡೋದು ಬೇಡ ಅಂತ ನನ್ನ ಮಾತು. ಸಿಸ್ಟರ್, ಟೋಪಿ, ಅಂಗಿ ಖಂಡಿತ. ಅಳತೆ ಆಮೇಲೆ ಕೇಳುತ್ತೇನೆ.

ಮಾನ್ವಿ ಅಕ್ಕ

ಮೂರು ಊರಿನ ವಾರ್ಡು ನೋಡಿದವಳು ನಾನು. ಮಗನಿಗೆ ರಕ್ತದ ಕ್ಯಾನ್ಸರ್ ಅಂತ ಅನುಮಾನ ಬಂದದ್ದು ರಾಯಚೂರಿನಲ್ಲಿ. ಚಿಕಿತ್ಸೆ ಆದದ್ದು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ. ನಡುವೆ ಜ್ವರ ಬಂದಾಗೆಲ್ಲ ಹತ್ತಿರ ಸಿಕ್ಕ ಆಸ್ಪತ್ರೆ. ಮಕ್ಕಳಿಗೆ ಬರುವ ಈ ಕಾಯಿಲೆಯ ಚಿಕಿತ್ಸೆ ಎರಡು ವರ್ಷಕ್ಕಿಂತ ಜಾಸ್ತಿ ನಡೆಯುತ್ತದೆ. ಪೂರ್ತಿ ಮಾಡಿದರೆ ಹೆಚ್ಚಿನ ಮಕ್ಕಳು ಗುಣ ಆಗುತ್ತಾರೆ. ನನ್ನ ಮಗ ಈಗ ಮೂರನೇ ಕ್ಲಾಸ್, ಮನೆಯಲ್ಲಿ ಒಂದು ನಿಮಿಷ ಸುಮ್ನೆ ಕೂರಲ್ಲ.

ಎಲ್ಲರೂ ಮಗುವಿಗೆ ಏನು ಅಂತಲೇ ಕೇಳುತ್ತಾರೆ. ಮಗುವಿಗೆ ಹಾಲು, ಊಟ ಆಸ್ಪತ್ರೆಯಲ್ಲಿ ಬರುತ್ತದೆ. ಮಂಚದ ಪಕ್ಕ ನೆಲದ ಮೇಲೆ ಮಲಗುವ ತಾಯಿಗೆ ಏನು ಬೇಕು ಅಂತ ಕೇಳಿ, ನಾನು ಹೇಳುತ್ತೇನೆ. ಮೊದಲ ರಾತ್ರಿ ಯಾರೂ ತಯಾರಾಗಿ ಬಂದಿರಲ್ಲ. ಹೊಲದಿಂದ ಹಾಗೇ 108ರಲ್ಲಿ ಹತ್ತಿ ಬಂದಿರುತ್ತಾರೆ. ಚಾಪೆ ಇಲ್ಲ, ಬಕೆಟ್ ಇಲ್ಲ, ಚೊಂಬಿಲ್ಲ. ಬಿಸಿನೀರು ಹಿಡಿಯೋಕೆ ಫ್ಲಾಸ್ಕ್ ಇಲ್ಲ. ಫೋನಿನಲ್ಲಿ ಚಾರ್ಜ್ ಇಲ್ಲ, ಊರಿಗೆ ಹೇಳೋಕೆ ಆಗಲ್ಲ. ಬಾತ್‌ರೂಮಿಗೆ ಹೋಗಬೇಕಾದರೆ ಮಗುವನ್ನು ಪಕ್ಕದ ಮಂಚದವರಿಗೆ ಒಪ್ಪಿಸಬೇಕು. ಒಬ್ಬರಿಗೇ ಪಾಸ್ ಇರುತ್ತದಲ್ಲ. ಊಟಕ್ಕೆ ಹತ್ತಿರ ಇಂದಿರಾ ಕ್ಯಾಂಟೀನ್ ಇದ್ದರೆ ಪುಣ್ಯ, 10 ರೂಪಾಯಿಯಲ್ಲಿ ಮುಗಿಯುತ್ತದೆ. ಆದರೆ ಮಗು ಬಿಟ್ಟು ಅಲ್ಲಿಗೆ ಹೋಗುವವರು ಯಾರು?

ಇನ್ನೊಂದು ವಿಷಯ, ಇದು ಮಾಸ್ಟರ್ ನಿಮಗೇ. ಕಾಗದ. ರೇಷನ್ ಕಾರ್ಡ್, ಆಧಾರ್, ರೆಫರಲ್ ಚೀಟಿ, ಬೋನ್ ಮ್ಯಾರೋ (ಮೂಳೆಯೊಳಗಿನ ಮಜ್ಜೆ) ರಿಪೋರ್ಟ್, ಹಳೇ ಡಿಸ್ಚಾರ್ಜ್ ಕಾರ್ಡ್, ಎಕ್ಸ್‌ರೇ, ಸ್ಕ್ಯಾನ್. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಒಂದು ಕಾಗದ ತಪ್ಪಿದರೆ ಕೌಂಟರಿನಿಂದ ವಾಪಸ್ ಕಳಿಸುತ್ತಾರೆ. ರೈಲಿನಲ್ಲೂ ಕಾಗದ ಬೇಕು. ಕ್ಯಾನ್ಸರ್ ರೋಗಿ ಚಿಕಿತ್ಸೆಗೆ ಹೋಗುವಾಗ ಸ್ಲೀಪರ್‌ನಲ್ಲಿ ಪೂರ್ತಿ ಉಚಿತ, ಜೊತೆಗಿರುವ ಒಬ್ಬರಿಗೆ ನೂರಕ್ಕೆ 75 ಭಾಗ ರಿಯಾಯಿತಿ. ಆಸ್ಪತ್ರೆಯವರು ಸಹಿ ಹಾಕಿದ ಫಾರಂ ಕೊಟ್ಟು ಸ್ಟೇಷನ್ ಕೌಂಟರಿನಲ್ಲಿ ಟಿಕೆಟ್ ತಗೊಳ್ಳಬೇಕು. ಇದು ಗೊತ್ತಿಲ್ಲದೆ ಪೂರ್ತಿ ದುಡ್ಡು ಕೊಟ್ಟು ಓಡಾಡುವವರು ನಮ್ಮ ಕಡೆ ಬಹಳ ಇದ್ದಾರೆ, ಅದಕ್ಕೇ ಬರೆದೆ.

ಈ ಕಾಗದವನ್ನೆಲ್ಲ ನಾವು ಇಟ್ಟುಕೊಳ್ಳುವುದು ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ. ನಾಲ್ಕು ದಿನಕ್ಕೆ ಕಿವಿ ಹರಿಯುತ್ತದೆ. ರಾಯಚೂರಿನಲ್ಲಿ ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತುವಾಗ ಸೊಂಟದ ಮೇಲೆ ಮಗ, ಕಂಕುಳಲ್ಲಿ ಎಕ್ಸ್‌ರೇ, ಹಲ್ಲಿನಲ್ಲಿ ಟಿಕೆಟ್. ಗಟ್ಟಿ ಬಟ್ಟೆಯ, ಹೆಗಲಿಗೆ ಅಡ್ಡ ಹಾಕುವ ಒಂದು ಚೀಲ ಇದ್ದಿದ್ದರೆ ಅಂತ ಎಷ್ಟು ಸಲ ಅಂದುಕೊಂಡಿದ್ದೇನೋ. ಜೀನ್ಸ್ ಬಟ್ಟೆ ಅದಕ್ಕೆ ಹೇಳಿ ಮಾಡಿಸಿದ್ದು.

ಕೊಪ್ಪಳ ಹುಡುಗ

ಹೊಲಿಗೆ ಆಯ್ತು. ನಿಮ್ಮ ಯೂನಿಟ್ಟಿನ ಹುಡುಗರ ತೋಳೂ ಬೇಕು. ಥಲಸ್ಸೀಮಿಯಾ, ಅಂದರೆ ಹುಟ್ಟಿನಿಂದಲೇ ಮೈಯಲ್ಲಿ ರಕ್ತ ಸರಿಯಾಗಿ ಆಗದ ಕಾಯಿಲೆ ಇರುವ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಲೇಬೇಕು, ಹಬ್ಬ ಇರಲಿ, ಬಿಸಿಲಿರಲಿ. ಕಾಲೇಜಿಗೆ ರಜೆ ಬಿದ್ದರೆ ಕ್ಯಾಂಪ್ ನಿಲ್ಲುತ್ತವೆ, ಏಪ್ರಿಲ್, ಮೇನಲ್ಲಿ ರಕ್ತಕ್ಕೆ ಪರದಾಟ. ಹಾಗಂತ ಲೀಡರ್ ಬರ್ತ್‌ಡೇ ಕ್ಯಾಂಪಿನ ಹಾಗೆ ಎಲ್ಲರೂ ಒಂದೇ ದಿನ ಹೋಗಬೇಡಿ. ಬಾಟಲಿ ರಕ್ತ ಸಾಮಾನ್ಯವಾಗಿ 35 ದಿನ ಇಡಬಹುದು, ಡೆಂಗಿ ಸಮಯದಲ್ಲಿ ಹುಡುಕುವ ಪ್ಲೇಟ್ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಐದೇ ದಿನ. ರಕ್ತನಿಧಿಗೆ ಫೋನ್ ಮಾಡಿ, ಯಾವ ಗುಂಪು ಯಾವಾಗ ಬೇಕು ಅಂತ ಕೇಳಿ, ಇಬ್ಬಿಬ್ಬರಾಗಿ ಹೋಗಿ. 18 ತುಂಬಿರಬೇಕು, ತೂಕ 45 ಕೆ.ಜಿ. ದಾಟಿರಬೇಕು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ನಮ್ಮ ಗೆಳೆಯ ಒಬ್ಬ ಕುರ್ಚಿಯಿಂದ ಜಾರಿ ಎಲ್ಲರ ಕೈಲೂ ನಗಿಸಿಕೊಂಡ.

ಕಟಿಂಗ್ ಮಾಸ್ಟರ್, ಬಳ್ಳಾರಿ

ಅಕ್ಕಾ, ಚೀಲದ ಮಾತು ಓದಿದ ಕೂಡಲೇ ಟೇಬಲ್ ಮೇಲೆ ಬಟ್ಟೆ ಹಾಸಿದೆ. ಎಕ್ಸ್‌ರೇ ಅಂಗಡಿಯಲ್ಲಿ ಕೇಳಿದೆ, ದೊಡ್ಡ ಫಿಲ್ಮ್ 14 ಇಂಚಿಗೆ 17 ಇಂಚು ಅಂತೆ. ಮಡಚಬಾರದಲ್ಲ, ಹಾಗಾಗಿ ಚೀಲ 16ಕ್ಕೆ 19 ಇಟ್ಟಿದ್ದೇನೆ. ಮೇಲೆ ಮುಚ್ಚುವ ಪಟ್ಟಿ, ಮಳೆ ಬಿದ್ದರೂ ನೀರು ಒಳಗೆ ಹೋಗದ ಹಾಗೆ ಒಳಗಡೆ ರೆಕ್ಸಿನ್. ಹೆಗಲ ಪಟ್ಟಿ ಪ್ಯಾಂಟಿನ ಬೆಲ್ಟ್ ಲೂಪಿನ ಥರ ಎರಡು ಕಡೆ ಬಾರ್ ಟ್ಯಾಕ್ (ಒತ್ತೊತ್ತಾದ ಗಟ್ಟಿ ಹೊಲಿಗೆ) ಹೊಡೆದು ಹಾಕುತ್ತೇನೆ, ಕಿತ್ತು ಬರಲ್ಲ. ರೇಷನ್ ಕಾರ್ಡ್, ಆಧಾರ್‌ಗೆ ಒಳಗೊಂದು ಸಣ್ಣ ಜೇಬು. ಜೀನ್ಸಿನವರಿಗೆ ಜೇಬು ಹಾಕೋದು ಹೇಳಿಕೊಡಬೇಕೇ!

ಬಟ್ಟೆ ಹೇಗೂ ಉಳಿದದ್ದು. ಜಿಪ್ಪು, ರೆಕ್ಸಿನ್, ಕೂಲಿ ಸೇರಿದರೂ ಅರ್ಧ ದುಡ್ಡು ಉಳಿಯುತ್ತದೆ. ಅದರಲ್ಲಿ ಚಾಪೆ, ಬಕೆಟ್, ಚೊಂಬು, ಫ್ಲಾಸ್ಕ್ ತಂದು ವಾರ್ಡಿಗೇ ಕೊಡುವುದು. ಮೊದಲ ರಾತ್ರಿ ಬಂದವರು ತಗೊಂಡು ಹೋಗುವಾಗ ವಾಪಸ್ ಇಟ್ಟು ಹೋಗಲಿ. ಯೂನಿಟ್ಟಿನ ಹುಡುಗರಲ್ಲಿ ಐದು ಜನ ರಕ್ತ ಕೊಡೋಕೆ ಒಪ್ಪಿದ್ದಾರೆ. ಇನ್ನೊಬ್ಬನಿಗೆ ಸೂಜಿ ಕಂಡರೆ ಭಯ, ಅವನು ಟೋಪಿ ಹೊಲಿಯುತ್ತಾನೆ.

ಒಂದು ಅನುಮಾನ. ಚೀಲದ ಬಾಯಿಗೆ ಜಿಪ್ಪು ಹಾಕಲೋ, ಅಂಟುಪಟ್ಟಿ (ವೆಲ್ಕ್ರೊ) ಹಾಕಲೋ?

ನೈಟ್ ಡ್ಯೂಟಿ ಸಿಸ್ಟರ್

ಜಿಪ್ಪೇ ಹಾಕಿ. ಅಂಟುಪಟ್ಟಿ ರಾತ್ರಿ ಪರ್ ಅಂತ ಕಿತ್ತರೆ ಈಗಷ್ಟೇ ಮಲಗಿಸಿದ ನಾಲ್ಕು ಮಕ್ಕಳು ಏಳುತ್ತವೆ. ಬಕೆಟ್ ವಾಪಸ್ ಬರುವ ಗ್ಯಾರಂಟಿ ನಾನು ಕೊಡಲ್ಲ, ಮೇಲೆ ವಾರ್ಡ್ ನಂಬರ್ ದೊಡ್ಡದಾಗಿ ಬರೆಸಿ. ಟೋಪಿ ಎರಡು ಸೈಜ್ ಮಾಡಿ, ಇನ್‌ಚಾರ್ಜ್ ಹತ್ತಿರ ಹಳೇದೊಂದು ಕೇಳಿ ಅದನ್ನೇ ಅಳತೆಗೆ ಇಟ್ಟುಕೊಳ್ಳಿ. ಹೊಲಿದ ಮೇಲೆ ಒಗೆದು, ಬಿಸಿಲಿಗೆ ಒಣಗಿಸಿ ಕೊಡಿ.

ಮಾನ್ವಿ ಅಕ್ಕ

ಚೀಲದ ಒಳಗೆ ಒಂದು ಬಿಳಿ ಬಟ್ಟೆ ಪಟ್ಟಿ ಹೊಲಿಯಿರಿ, ಮಗುವಿನ ಹೆಸರು, ರಕ್ತದ ಗುಂಪು, ಮನೆಯವರ ಫೋನ್ ನಂಬರ್ ಬರೆದುಕೊಳ್ಳೋಕೆ. ಮತ್ತೆ ಪೆನ್ನಿಗೊಂದು ಸಂದು ಬಿಡಿ. ಪೆನ್ನನ್ನೂ ಸಿಕ್ಕಿಸಿಯೇ ಕೊಡಿ ಮಾಸ್ಟರ್. ಫಾರಂ ತುಂಬುವ ಸಾಲಿನಲ್ಲಿ ಯಾರ ಹತ್ತಿರವೂ ಪೆನ್ನಿರಲ್ಲ.