ಅಪ್‌ಡೇಟ್: ಆ ಕಪ್ಪಾದ ಬೆಳ್ಳಿ ಡಬ್ಬಿ

ಅಜ್ಜನ ಪುಟ್ಟ ಡಬ್ಬಿ ನಿಜವಾದ ಬೆಳ್ಳಿಯದಾ, ಹರಾಜಿಗೆ ಮುಂಚೆ ಪಾಲಿಶ್ ಮಾಡಿಸಬೇಕಾ ಅಂತ ಕೇಳಿದ್ದೆ ಅಲ್ವಾ? ಪಾಲಿಶ್ ಬೇಡ ಅಂದವರಿಗೆ ಥ್ಯಾಂಕ್ಸ್.

ಭೂತಗನ್ನಡಿಯಲ್ಲಿ ನೋಡಿದರೆ ಮುಚ್ಚಳದ ಒಳಗೆ ಸಾಲಾಗಿ ಮುದ್ರೆಗಳಿವೆ. ನಡೆಯುವ ಸಿಂಹ, ಲಂಗರು, ಒಂದು ಅಕ್ಷರ. ಸಿಂಹ ಅಂದರೆ ಇಂಗ್ಲೆಂಡಿನ 92.5% ಬೆಳ್ಳಿ. ಲಂಗರು 1773ರಿಂದ ಬರ್ಮಿಂಗ್‌ಹ್ಯಾಮ್‌ನ ಗುರುತು, ಅಂದರೆ ಬೆಳ್ಳಿಯನ್ನು ಪರೀಕ್ಷಿಸಿ ಮುದ್ರೆ ಒತ್ತಿದ ಊರು. ಅಕ್ಷರ ವರ್ಷ ಹೇಳುತ್ತದೆ. ಆದರೆ ಅದೇ ಅಕ್ಷರ ಕೆಲವು ದಶಕಕ್ಕೊಮ್ಮೆ ಮತ್ತೆ ಬರುತ್ತದೆ. ಹಾಗಾಗಿ ಅದರ ಶೈಲಿ, ಸುತ್ತಲಿನ ಚೌಕಟ್ಟಿನ ಆಕಾರ ಎರಡನ್ನೂ ಯಾವ ವರ್ಷಕ್ಕೆ ಯಾವ ಅಕ್ಷರ ಅಂತ ತೋರಿಸುವ ಪಟ್ಟಿಯ ಜೊತೆ ಹೋಲಿಸಬೇಕು. ತಲೆನೋವಿನ ಕೆಲಸ! ಜಾಸ್ತಿ ಉಜ್ಜಿದ್ದರೆ ಇವೆಲ್ಲ ಸವೆದೇ ಹೋಗುತ್ತಿದ್ದವು.

ಹರಾಜಿನವರು ರಿಸರ್ವ್ ಬೆಲೆ ಇಡೋಣ, ಅದಕ್ಕಿಂತ ಕಮ್ಮಿಗೆ ಕೊಡಲ್ಲ ಅಂದಿದ್ದಾರೆ. ಮಾರೋಕೆ ಅಣ್ಣ ಮಾತ್ರ ಇನ್ನೂ ಒಪ್ಪಿಲ್ಲ.